ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್: ಶುಲ್ಕ ಕಟ್ಟುವ ಮೊದಲು ಕೋರ್ಸ್ ಪಟ್ಟಿ ನೋಡಿ

ಅಮೆರಿಕದ ಹೈಸ್ಕೂಲಿನಲ್ಲಿ ಓದುತ್ತಾ ಕಾಲೇಜು ತಂಡದಲ್ಲಿ ಆಡುವ ಆಸೆ ಇಟ್ಟುಕೊಂಡ ಮಕ್ಕಳು ಕೋಚ್‌ನ ಕಣ್ಣಿಗೆ ಬಿದ್ದರಷ್ಟೇ ಸಾಲದು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಇಂಡಿಯಾನಾಪೊಲಿಸ್‌ನಲ್ಲಿರುವ ಅದರ ಅರ್ಹತಾ ಕಚೇರಿ, ಎಲಿಜಿಬಿಲಿಟಿ ಸೆಂಟರ್, ಅವರ ಅಂಕಪಟ್ಟಿ ತರಿಸಿಕೊಂಡು, ಒಂದೊಂದು ಕೋರ್ಸನ್ನೂ ತನ್ನ ನಿಯಮಕ್ಕೆ ಹೊಂದಿಸಿ ನೋಡಿ, ಅರ್ಹರೆಂದು ಹೇಳಿದ ಮೇಲೆಯೇ ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಮೇಲಿನ ಎರಡಾದ ಡಿವಿಷನ್ 1 ಮತ್ತು ಡಿವಿಷನ್ 2 ಕಾಲೇಜುಗಳಲ್ಲಿ ಮೊದಲ ವರ್ಷ ಪಂದ್ಯಕ್ಕಿಳಿಯಬಹುದು. ನೂರು ಡಾಲರ್ ಆಸುಪಾಸು ಶುಲ್ಕ ತೆಗೆದುಕೊಳ್ಳುವ ಈ ಸೇವೆ ಹೇಗಿದೆ ಎಂದು ಕೇಳುವ ಪೋಷಕರಿಗೆ ನಮ್ಮ ಉತ್ತರ ಇಷ್ಟು: ಲೆಕ್ಕದಲ್ಲಿ ಕಟ್ಟುನಿಟ್ಟು, ತೀರ್ಪಿನಲ್ಲಿ ನ್ಯಾಯ, ಮಾರ್ಗದರ್ಶನದಲ್ಲಿ ತೀರಾ ಕಡಿಮೆ. ಹನ್ನೆರಡನೇ ತರಗತಿಯಲ್ಲಿ ತೀರ್ಪು ಕೊಡುವ ಈ ಕಚೇರಿ ಒಂಬತ್ತನೇ ತರಗತಿಯಲ್ಲಿ ಕೈಹಿಡಿದು ನಡೆಸುವುದಿಲ್ಲ. ಆ ಕೆಲಸ ಮನೆಯವರದು, ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್‌ದು.

ಖಾತೆಯ ವಿಚಾರದಲ್ಲೇ ಹಲವರು ಎಡವುತ್ತಾರೆ. ಬಗೆ ಮೂರಿವೆ. ಉಚಿತವಾದ ಪ್ರೊಫೈಲ್ ಪೇಜ್ ಒಂದು. ವೃತ್ತಿಪರರಲ್ಲದ, ಹವ್ಯಾಸಿ ಆಟಗಾರರೆಂಬ ಪ್ರಮಾಣೀಕರಣಕ್ಕಷ್ಟೇ ಇರುವ ಖಾತೆ ಇನ್ನೊಂದು. ಓದು ಮತ್ತು ಹವ್ಯಾಸಿ ಸ್ಥಾನಮಾನ ಎರಡನ್ನೂ ಪರಿಶೀಲಿಸುವ ಪೂರ್ಣ ಖಾತೆ ಮತ್ತೊಂದು. ಒಂಬತ್ತು, ಹತ್ತನೇ ತರಗತಿಯವರಿಗೆ ಉಚಿತ ಪ್ರೊಫೈಲ್ ಧಾರಾಳವಾಗಿ ಸಾಕು. ಅದರಲ್ಲೇ ಎನ್‌ಸಿಎಎ ಗುರುತಿನ ಸಂಖ್ಯೆ ಸಿಗುತ್ತದೆ, ಮುಂದೆ ಬೇಕಾದಾಗ ಅದನ್ನೇ ಪೂರ್ಣ ಖಾತೆಗೆ ಏರಿಸಿಕೊಳ್ಳಬಹುದು. ಡಿವಿಷನ್ 1 ಅಥವಾ 2ರ ಕಾಲೇಜು ಅಧಿಕೃತ ಭೇಟಿಗೆ ಕರೆಯುವ, ಸ್ಕಾಲರ್‌ಶಿಪ್ ಮಾತಾಡುವ ಹಂತ ಬಂದಾಗ ಪೂರ್ಣ ಖಾತೆ ಬೇಕಾಗುತ್ತದೆ. ಅದು ಸಾಮಾನ್ಯವಾಗಿ ಹನ್ನೊಂದನೇ ತರಗತಿ. ಅಮೆರಿಕದ ಹೊರಗಿನ ವಿದ್ಯಾರ್ಥಿಗಳಿಗೆ ಶುಲ್ಕ ಇನ್ನೂ ಅರವತ್ತು ಡಾಲರಿನಷ್ಟು ಜಾಸ್ತಿ. ದರ ಆಗಾಗ ಬದಲಾಗುವುದರಿಂದ ಕಟ್ಟುವ ದಿನವೇ ನೋಡಿಕೊಳ್ಳಿ. ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟದ ಸೌಲಭ್ಯ ಪಡೆಯುವ, ಇಲ್ಲವೇ ಎಸ್‌ಎಟಿ, ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗೆ ಶುಲ್ಕ ವಿನಾಯಿತಿ ಪಡೆದ ಮಕ್ಕಳಿಗೆ ಇಲ್ಲೂ ವಿನಾಯಿತಿ ಉಂಟು. ಆದರೆ ಅದನ್ನು ಕೌನ್ಸೆಲರ್ ದೃಢೀಕರಿಸಬೇಕು. ಅವರನ್ನು ಕೇಳದೆ ಕಾರ್ಡು ತೆಗೆದು ಹಣ ಕಟ್ಟಿಬಿಡಬೇಡಿ.

ಖಾತೆ ತೆರೆಯುವಾಗ ಎರಡು ಸಣ್ಣ ಎಚ್ಚರಿಕೆ ಮುಂದಿನ ದೊಡ್ಡ ತಲೆನೋವನ್ನು ಉಳಿಸುತ್ತವೆ. ಶಾಲೆ ಕೊಟ್ಟ ಇಮೇಲ್ ವಿಳಾಸ ಹಾಕಬೇಡಿ. ಹೈಸ್ಕೂಲು ಮುಗಿಯುತ್ತಿದ್ದಂತೆ ಅದು ಮುಚ್ಚಿಹೋಗಬಹುದು, ಅಂತಿಮ ತೀರ್ಪಿನ ಸುದ್ದಿಗಳು ಬರುವುದು ಅದೇ ಬೇಸಿಗೆಯಲ್ಲಿ. ಅಣ್ಣನ ಇಮೇಲನ್ನು ತಂಗಿಗೂ ಬಳಸಬೇಡಿ. ಹೆಸರನ್ನು ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಯಿರಿ. ಕನ್ನಡದ ಮನೆಗಳಲ್ಲಿ ಇದಕ್ಕೆ ಹೆಚ್ಚು ತೂಕ: ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೊಂದು ದಾಖಲೆಯಲ್ಲಿ ಒಂದೊಂದು ಕಡೆ ಕೂತಿರುತ್ತವೆ. ಖಾತೆಯ ಹೆಸರು ಒಂದು ಥರ, ಶಾಲೆಯ ಅಧಿಕೃತ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿನ ಹೆಸರು ಇನ್ನೊಂದು ಥರ ಇದ್ದರೆ ಬಂದ ಕಾಗದ ಖಾತೆಗೆ ಹೊಂದದೆ ಉಳಿಯುವ ಅಪಾಯವಿದೆ.

ಇನ್ನು ಮುಖ್ಯ ವಿಚಾರ. ಇಡೀ ವ್ಯವಸ್ಥೆ ನಿಂತಿರುವುದು ‘ಕೋರ್ ಕೋರ್ಸ್’, ಅಂದರೆ ಅರ್ಹತೆಯ ಲೆಕ್ಕಕ್ಕೆ ಬರುವ ಮುಖ್ಯ ಓದಿನ ಕೋರ್ಸ್, ಎಂಬ ಒಂದೇ ಕಲ್ಪನೆಯ ಮೇಲೆ. 1983ರಲ್ಲಿ ಅಂಗೀಕಾರವಾಗಿ 1986ರಲ್ಲಿ ಜಾರಿಗೆ ಬಂದ ಪ್ರೊಪೊಸಿಷನ್ 48 ಎಂಬ ನಿಯಮ ಕೇಳಿದ್ದು 11 ಕೋರ್ ಕೋರ್ಸ್, ಅವುಗಳಲ್ಲಿ 2.0 ಜಿಪಿಎ (4ರ ಅಳತೆಯಲ್ಲಿ ಗ್ರೇಡುಗಳ ಸರಾಸರಿ) ಮತ್ತು ಎಸ್‌ಎಟಿಯಲ್ಲಿ 700 ಅಂಕ. ಈಗ ಕೋರ್ ಕೋರ್ಸ್‌ಗಳು 16. ಡಿವಿಷನ್ 1ಕ್ಕೆ ಬೇಕಾದ ಜಿಪಿಎ 2.3, ಡಿವಿಷನ್ 2ಕ್ಕೆ 2.2. ಎಸ್‌ಎಟಿ, ಎಸಿಟಿ ಅಂಕಗಳ ಷರತ್ತನ್ನು 2023ರ ಜನವರಿಯಲ್ಲಿ ಎನ್‌ಸಿಎಎ ಪೂರ್ತಿ ತೆಗೆದುಹಾಕಿತು. ಕಾಲೇಜು ತನ್ನ ಪ್ರವೇಶಕ್ಕೆ ಆ ಅಂಕಗಳನ್ನು ಕೇಳಬಹುದು, ಅದು ಬೇರೆ ಮಾತು. ಅಂಕ ಜಾಸ್ತಿ ಇದ್ದರೆ ಜಿಪಿಎ ಕಡಿಮೆ ಇದ್ದರೂ ನಡೆಯುತ್ತದೆ ಎಂಬ ಹಳೆಯ ಕೋಷ್ಟಕವನ್ನು ಯಾರಾದರೂ ಇಂದಿಗೂ ತೋರಿಸಿದರೆ ನಂಬಬೇಡಿ. ಪರೀಕ್ಷೆಯಿಂದ ಜಿಪಿಎ ತುಂಬಿಕೊಳ್ಳುವ ದಾರಿ ಈಗಿಲ್ಲ. ಹಾಗಾಗಿ ತರಗತಿಯ ಒಂದೊಂದು ಗ್ರೇಡಿಗೂ ಮೊದಲಿಗಿಂತ ಹೆಚ್ಚು ಬೆಲೆ.

ಡಿವಿಷನ್ 1ರ 16 ಯೂನಿಟ್‌ಗಳ ಹಂಚಿಕೆ ಹೀಗೆ: ಇಂಗ್ಲಿಷ್ 4, ಗಣಿತ 3 (‘ಆಲ್ಜಿಬ್ರಾ 1’ ಎಂಬ ಕೋರ್ಸ್ ಅಥವಾ ಅದಕ್ಕೂ ಮೇಲಿನದು), ವಿಜ್ಞಾನ 2 (ಶಾಲೆಯಲ್ಲಿ ಲ್ಯಾಬ್ ಇದ್ದರೆ ಒಂದು ಲ್ಯಾಬ್ ಕೋರ್ಸ್ ಆಗಿರಬೇಕು), ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲೇ ಇನ್ನೊಂದು, ಸಮಾಜ ವಿಜ್ಞಾನ 2, ಉಳಿದ 4 ಇವುಗಳಲ್ಲಿ ಯಾವುದಾದರೂ, ಇಲ್ಲವೇ ವಿದೇಶಿ ಭಾಷೆ, ಧರ್ಮಗಳ ತೌಲನಿಕ ಅಧ್ಯಯನ, ತತ್ವಶಾಸ್ತ್ರ. ಡಿವಿಷನ್ 2ರಲ್ಲಿ ಇಂಗ್ಲಿಷ್ 3, ಗಣಿತ 2, ವಿಜ್ಞಾನ 2, ಈ ಮೂರರಲ್ಲೇ ಹೆಚ್ಚುವರಿ 3, ಸಮಾಜ ವಿಜ್ಞಾನ 2, ಉಳಿದವು 4. ಇಡೀ ವರ್ಷದ ಕೋರ್ಸ್ ಒಂದು ಯೂನಿಟ್, ಒಂದು ಸೆಮಿಸ್ಟರಿನದು ಅರ್ಧ. ಆಲ್ಜಿಬ್ರಾ 1 ಅನ್ನು ನಿಧಾನವಾಗಿ ಎರಡು ವರ್ಷ ಹರಡಿ ಕಲಿಸುವ ಶಾಲೆಗಳಿವೆ; ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡು ಕ್ರೆಡಿಟ್ ಕಂಡರೂ ಇಲ್ಲಿ ಸಿಗುವುದು ಒಂದೇ ಯೂನಿಟ್. ಎಂಟನೇ ತರಗತಿಯಲ್ಲಿ ಮುಗಿಸಿದ ಆಲ್ಜಿಬ್ರಾ 1 ಅಥವಾ ಸ್ಪ್ಯಾನಿಷ್ 1, ಗ್ರೇಡ್ ಮತ್ತು ಕ್ರೆಡಿಟ್ ಸಮೇತ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ದಾಖಲಾಗಿದ್ದರೆ ಲೆಕ್ಕಕ್ಕೆ ಬರುತ್ತದೆ. ಇದನ್ನು ಮರೆತು ಒಂದು ಯೂನಿಟ್ ಕಡಿಮೆಯಾಯಿತೆಂದು ಗಾಬರಿಯಾಗುವ ಮೊದಲು ಟ್ರಾನ್ಸ್‌ಕ್ರಿಪ್ಟ್ ಒಮ್ಮೆ ತೆಗೆದು ನೋಡಿ.

ಕೋರ್ ಯಾವುದು, ಅಲ್ಲದ್ದು ಯಾವುದು ಎಂದು ಊಹಿಸುವ ಅಗತ್ಯವೇ ಇಲ್ಲ. ಪ್ರತಿ ಹೈಸ್ಕೂಲಿಗೂ ಎನ್‌ಸಿಎಎ ಒಪ್ಪಿದ ಕೋರ್ಸ್‌ಗಳ ಪಟ್ಟಿ ಇದೆ. ಕೌನ್ಸೆಲರ್‌ಗಳು ಇದನ್ನು 48-ಎಚ್ ಪಟ್ಟಿ ಎಂದೂ ಕರೆಯುತ್ತಾರೆ. ಎಲಿಜಿಬಿಲಿಟಿ ಸೆಂಟರ್‌ನ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಅಥವಾ ಶಾಲೆಯನ್ನು ಗುರುತಿಸುವ ಆರಂಕಿಯ ಸಿಇಇಬಿ ಕೋಡ್ ಹಾಕಿದರೆ ಖಾತೆ ಇಲ್ಲದೆಯೇ, ಕಾಸು ಕೊಡದೆಯೇ ನೋಡಬಹುದು. ಇಡೀ ಸೇವೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ, ಬಹಳ ಮಂದಿ ಬಳಸದೆ ಬಿಡುವುದೂ ಇದನ್ನೇ. ಪ್ರತಿ ವರ್ಷ ಕೋರ್ಸ್ ಆಯ್ಕೆ ಮಾಡುವ ಮುನ್ನ ಪಟ್ಟಿಯನ್ನು ತೆರೆದು, ಹೆಸರನ್ನು ಅಕ್ಷರಶಃ ಹೋಲಿಸಿ. ಶಾಲೆ ಕೋರ್ಸಿನ ಹೆಸರು ಬದಲಿಸಿ ಪಟ್ಟಿಯಲ್ಲಿ ಹಳೆಯ ಹೆಸರನ್ನೇ ಬಿಟ್ಟಿದ್ದರೆ, ಟ್ರಾನ್ಸ್‌ಕ್ರಿಪ್ಟಿನಲ್ಲಿರುವ ಹೊಸ ಹೆಸರಿಗೆ ಯೂನಿಟ್ ಸಿಗದೆ ನಿಲ್ಲುತ್ತದೆ. ಸರಿಪಡಿಸುವ ಅಧಿಕಾರ ಇರುವುದು ಶಾಲೆಗೆ. ಕೌನ್ಸೆಲರ್ ತಮ್ಮ ಹೈಸ್ಕೂಲ್ ಪೋರ್ಟಲಿನಲ್ಲಿ ಹೊಸ ಹೆಸರನ್ನು ಸಲ್ಲಿಸಬೇಕು. ಪೋಷಕರು ಫೋನ್ ಮಾಡಿ ಎಷ್ಟೇ ಕೇಳಿಕೊಂಡರೂ ಸೆಂಟರ್ ತಾನಾಗಿ ಸೇರಿಸುವುದಿಲ್ಲ. ಕನ್ಸ್ಯೂಮರ್ ಮ್ಯಾಥ್, ಪರ್ಸನಲ್ ಫೈನಾನ್ಸ್, ದೈಹಿಕ ಶಿಕ್ಷಣ, ಸಂಗೀತ, ಟೈಪಿಂಗ್ ಇವು ಯಾವುವೂ ಕೋರ್ ಅಲ್ಲ. ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, ಇವು ಚೆನ್ನಾಗಿ ನಡೆಯುತ್ತವೆ, ಮತ್ತು ಗೊಂದಲ ಹುಟ್ಟುವುದೇ ಅಲ್ಲಿ. ಶಾಲೆಯ ಜಿಪಿಎ 3.2 ಇರುವ ವಿದ್ಯಾರ್ಥಿಯ ಕೋರ್ ಜಿಪಿಎ 2.3ಕ್ಕಿಂತ ಕೆಳಗಿರಲು ಸಾಧ್ಯ, ಏಕೆಂದರೆ ಮೇಲೆತ್ತಿದ ಎ ಗ್ರೇಡುಗಳೆಲ್ಲ ಕೋರ್ ಅಲ್ಲದ ವಿಷಯಗಳಲ್ಲಿ ಬಂದಿರಬಹುದು.

ಜಿಪಿಎ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ಎ 4, ಬಿ 3, ಸಿ 2, ಡಿ 1. ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ. ಬಿ ಪ್ಲಸ್ ಬಂದರೂ 3, ಬಿ ಮೈನಸ್ ಬಂದರೂ 3. ಗ್ರೇಡಿನ ಅಂಕವನ್ನು ಯೂನಿಟ್‌ನಿಂದ ಗುಣಿಸಿ, ಎಲ್ಲ ಕೂಡಿ, 16ರಿಂದ ಭಾಗಿಸಿ. ಡಿವಿಷನ್ 1ಕ್ಕೆ 16 ಯೂನಿಟ್ ಗುಣಿಸು 2.3 ಅಂದರೆ 36.8, ಅರ್ಧ ಯೂನಿಟ್‌ಗಳಿದ್ದರೂ ಅದರ ಮೇಲಿನ ಹತ್ತಿರದ ಮೊತ್ತ 37. ಐದು ಬಿ, ಹನ್ನೊಂದು ಸಿ ಬಂದವರಿಗೆ ಸರಿಯಾಗಿ 37, ಅಂದರೆ 2.3125, ಪಾಸು. ನಾಲ್ಕು ಬಿ, ಹನ್ನೆರಡು ಸಿ ಆದರೆ 36, ಅಂದರೆ 2.25, ಡಿವಿಷನ್ 1ರ ಗೆರೆ ದಾಟಲಿಲ್ಲ, ಡಿವಿಷನ್ 2ರ ಗೆರೆ ದಾಟಿತು. ಹತ್ತಿರದ ಅಂಕಿಗೆ ಮೇಲೇರಿಸುವ ಪದ್ಧತಿ ಇಲ್ಲಿಲ್ಲ: 2.29 ಅಂದರೆ 2.29. ಒಂದೇ ಒಂದು ಸಿ ಗ್ರೇಡು ಬಿ ಆಗುವುದರಲ್ಲಿ ಒಂದು ಇಡೀ ಋತುವಿನ ಆಟ ನಿಂತಿರುತ್ತದೆ ಎಂಬುದನ್ನು ಮಕ್ಕಳಿಗೆ ಈ ಲೆಕ್ಕ ತೋರಿಸಿಯೇ ಹೇಳಿ, ಬರೀ ಬುದ್ಧಿಮಾತು ತಲೆಗೆ ಹತ್ತುವುದಿಲ್ಲ.

ಆನರ್ಸ್ ಮತ್ತು ಎಪಿ ಎಂಬ ಮೇಲ್ಮಟ್ಟದ ಕೋರ್ಸ್‌ಗಳಿಗೆ ಶಾಲೆ ಹೆಚ್ಚುವರಿ ತೂಕ ಕೊಡುತ್ತಿದ್ದರೆ, ಆ ಪದ್ಧತಿಯನ್ನು ಸೆಂಟರ್‌ಗೆ ತಿಳಿಸಿದ್ದರೆ, ಅದು ಗರಿಷ್ಠ 1 ಅಂಕದವರೆಗೆ ಸೇರುತ್ತದೆ. ಪಾಸ್ ಅಥವಾ ಫೇಲ್ ಎಂದಷ್ಟೇ ಗ್ರೇಡ್ ಇರುವ ಕೋರ್ಸ್‌ಗೆ ಶಾಲೆಯ ಅತ್ಯಂತ ಕೆಳಗಿನ ಪಾಸ್ ಗ್ರೇಡನ್ನೇ ಕೊಡುತ್ತಾರೆ, ಬಹುತೇಕ ಕಡೆ ಅದು ಡಿ. ಕಷ್ಟದ ವರ್ಷದಲ್ಲಿ ಪಾಸ್ ಆಯ್ಕೆ ಮಾಡಿಕೊಂಡರೆ ಸುಲಭ ಎಂದುಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. 16ಕ್ಕಿಂತ ಹೆಚ್ಚು ಕೋರ್ ಯೂನಿಟ್ ಇದ್ದರೆ, ವಿಷಯವಾರು ಹಂಚಿಕೆಗೆ ಹೊಂದುವ ಒಳ್ಳೆಯ ಗ್ರೇಡುಗಳನ್ನೇ ಆರಿಸಿಕೊಳ್ಳುತ್ತಾರೆ. ಇದು ವಿದ್ಯಾರ್ಥಿಯ ಪರವಾಗಿರುವ ನಿಯಮ. ಆದ್ದರಿಂದ ಹದಿನಾರಕ್ಕೆ ನಿಲ್ಲಿಸದೆ ಹದಿನೆಂಟೋ ಇಪ್ಪತ್ತೋ ಕೋರ್ ತೆಗೆದುಕೊಳ್ಳುವುದು ಜಾಣತನ.

ಡಿವಿಷನ್ 1ರ ನಿಜವಾದ ಇಕ್ಕಟ್ಟು 10/7 ನಿಯಮ. ಏಳನೇ ಸೆಮಿಸ್ಟರ್, ಅಂದರೆ ಹನ್ನೆರಡನೇ ತರಗತಿ ಶುರುವಾಗುವ ಮುನ್ನ 16ರಲ್ಲಿ 10 ಕೋರ್ ಮುಗಿದಿರಬೇಕು, ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲಿ ಇರಬೇಕು. ಅಷ್ಟೇ ಅಲ್ಲ, ಆ ಹತ್ತರ ಗ್ರೇಡುಗಳಿಗೆ ಅಲ್ಲಿಗೆ ಬೀಗ ಬೀಳುತ್ತದೆ. ಹನ್ನೆರಡನೇ ತರಗತಿಯಲ್ಲಿ ಅದೇ ಕೋರ್ಸನ್ನು ಮತ್ತೆ ಓದಿ ಎ ತಂದರೂ ಜಿಪಿಎ ಏರುವುದಿಲ್ಲ. ಬೀಗ ಬಿದ್ದ ಹತ್ತರಲ್ಲಿ ಐದು ಸಿ, ಐದು ಡಿ ಇದ್ದರೆ ಕೈಯಲ್ಲಿರುವುದು 15 ಅಂಕ. ಉಳಿದ ಆರು ಕೋರ್ಸ್‌ಗಳಿಂದ 22 ಬರಬೇಕು. ಉದಾಹರಣೆಗೆ, ನಾಲ್ಕು ಎ, ಎರಡು ಬಿ. ಡಿ ತರುತ್ತಿದ್ದ ವಿದ್ಯಾರ್ಥಿಯಿಂದ ಒಂದೇ ವರ್ಷದಲ್ಲಿ ಆರು ಕೋರ್ ಕೋರ್ಸ್, ಅದರಲ್ಲೂ ಇಂಥ ಗ್ರೇಡು ನಿರೀಕ್ಷಿಸುವುದು ಕಷ್ಟ. ದುರಸ್ತಿ ಮಾಡುವುದಿದ್ದರೆ ಹನ್ನೊಂದನೇ ತರಗತಿ ಮುಗಿದ ಬೇಸಿಗೆಯೇ ಕೊನೆಯ ಅವಕಾಶ. ಏಳನೇ ಸೆಮಿಸ್ಟರ್ ಶುರುವಾಗುವ ಮೊದಲು ಸಮ್ಮರ್ ಸ್ಕೂಲಿನಲ್ಲಿ ಮತ್ತೆ ಓದಿ ಮುಗಿಸಿದರೆ ಎರಡರಲ್ಲಿ ಉತ್ತಮ ಗ್ರೇಡು ಲೆಕ್ಕಕ್ಕೆ ಬರುತ್ತದೆ.

10/7 ತಪ್ಪಿದರೂ, 16 ಕೋರ್ ಮುಗಿದು ಜಿಪಿಎ 2.0 ಇದ್ದರೆ ‘ಅಕಾಡೆಮಿಕ್ ರೆಡ್‌ಶರ್ಟ್’ ಎಂಬ ನಡುವಿನ ಸ್ಥಾನ ಸಿಗುತ್ತದೆ. ಸ್ಕಾಲರ್‌ಶಿಪ್ ಪಡೆಯಬಹುದು, ಮೊದಲ ಅವಧಿಯಲ್ಲಿ ತಂಡದೊಂದಿಗೆ ಅಭ್ಯಾಸ ಮಾಡಬಹುದು, ಮೊದಲ ವರ್ಷ ಪಂದ್ಯ ಆಡುವಂತಿಲ್ಲ. ಅದೂ ಇಲ್ಲದವರಿಗೆ ಮೊದಲ ವರ್ಷ ಆಟವೂ ಇಲ್ಲ, ಅಭ್ಯಾಸವೂ ಇಲ್ಲ, ಕ್ರೀಡಾ ಸ್ಕಾಲರ್‌ಶಿಪ್ಪೂ ಇಲ್ಲ. ಡಿವಿಷನ್ 2ರಲ್ಲಿ ಈ ಬೀಗ ಇಲ್ಲ. ಕಾಲೇಜಿಗೆ ಪೂರ್ಣಾವಧಿ ಸೇರುವವರೆಗೆ ಮುಗಿಸಿದ ಕೋರ್ ಕೋರ್ಸ್‌ಗಳೆಲ್ಲ ನಡೆಯುತ್ತವೆ. ತಡವಾಗಿ ಎಚ್ಚೆತ್ತ ವಿದ್ಯಾರ್ಥಿಗೆ ಡಿವಿಷನ್ 2 ಗೌರವದ ದಾರಿ, ಅದನ್ನು ಎರಡನೇ ದರ್ಜೆ ಎಂದು ಮನೆಯಲ್ಲಿ ಹಳಿಯಬೇಡಿ.

ಒಂದು ವರ್ಷ ಹಿಂದುಳಿಸಿ ಮತ್ತೆ ಓದಿಸುವ, ‘ರೀಕ್ಲಾಸಿಫೈ’ ಎನ್ನುವ ಅಭ್ಯಾಸ ಆಟದ ವಲಯದಲ್ಲಿ ಬಲವಾಗಿ ಹಬ್ಬಿದೆ. ಮೈ ಬೆಳೆಯಲು ಸಮಯ ಸಿಗುತ್ತದೆ ಎಂಬುದು ಅದರ ತರ್ಕ. ಆದರೆ ಡಿವಿಷನ್ 1ರ ಗಡಿಯಾರ ಓಡಲು ಶುರುವಾಗುವುದು ಮೊದಲ ಸಲ ಒಂಬತ್ತನೇ ತರಗತಿಗೆ ಕಾಲಿಟ್ಟ ದಿನ. ಅಲ್ಲಿಂದ ನಾಲ್ಕು ವರ್ಷದೊಳಗೆ ಕೋರ್ ಮುಗಿಯಬೇಕು. ಸಕಾಲದಲ್ಲಿ ಹೈಸ್ಕೂಲು ಮುಗಿಸಿದವರಿಗೆ ಆಮೇಲೆ ಒಂದು ವರ್ಷದೊಳಗೆ ಒಂದು ಕೋರ್ ಯೂನಿಟ್ ಸೇರಿಸಿಕೊಳ್ಳುವ ಅವಕಾಶವಿದೆ, ಅಷ್ಟೇ. ಒಂಬತ್ತನ್ನೇ ಎರಡು ಸಲ ಓದಿದವರ ಐದನೇ ವರ್ಷದ ಗ್ರೇಡುಗಳು ಬಹುಪಾಲು ಲೆಕ್ಕದ ಹೊರಗೆ ಉಳಿಯುತ್ತವೆ. ಎಂಟನೇ ತರಗತಿಯಲ್ಲೇ ಮರು ಓದಿದರೆ ಈ ತೊಡಕಿಲ್ಲ.

ಆನ್‌ಲೈನ್ ಕೋರ್ಸ್‌ಗಳ ವಿಷಯದಲ್ಲಿ ಸೆಂಟರ್ ಬಿಗಿಯಾಗಿದೆ, ಬಿಗಿಯಾಗಿರುವುದು ಸರಿಯೂ ಹೌದು. ಶಿಕ್ಷಕರೊಂದಿಗೆ ನಿಯಮಿತ ಸಂಪರ್ಕ ಇರಬೇಕು, ಮುಗಿಸಲು ನಿಗದಿತ ಅವಧಿ ಇರಬೇಕು, ಆ ಕಾರ್ಯಕ್ರಮ ಒಪ್ಪಿಗೆ ಪಡೆದಿರಬೇಕು. ಫೇಲಾದ ಇಡೀ ವರ್ಷದ ಪಾಠವನ್ನು ಎರಡು ವಾರದಲ್ಲಿ ಕ್ಲಿಕ್ಕಿಸಿ ಮುಗಿಸುವ ‘ಕ್ರೆಡಿಟ್ ರಿಕವರಿ’ ಡಿಪ್ಲೊಮಾ ತಂದುಕೊಟ್ಟೀತು, ಇಲ್ಲಿ ಬಿದ್ದುಹೋಗುತ್ತದೆ.

ಕಾಗದಪತ್ರಗಳಿಗೆ ಬರೋಣ. ಟ್ರಾನ್ಸ್‌ಕ್ರಿಪ್ಟನ್ನು ಶಾಲೆಯೇ ಕಳಿಸಬೇಕು. ವಿದ್ಯಾರ್ಥಿ ಇಮೇಲ್ ಮಾಡಿದ ಪ್ರತಿ ಅಧಿಕೃತವಲ್ಲ. ಮೂರು ಶಾಲೆ ಬದಲಿಸಿದ್ದರೆ ಮೂರೂ ಶಾಲೆಗಳು ಬೇರೆ ಬೇರೆ ಕಳಿಸಬೇಕು. ಕೊನೆಯ ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹಿಂದಿನ ಶಾಲೆಯ ಗ್ರೇಡುಗಳು ನಮೂದಾಗಿದ್ದರೂ ಸೆಂಟರ್ ಅವನ್ನು ಆಧಾರವಾಗಿ ಒಪ್ಪುವುದಿಲ್ಲ. ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಅಲೆಯುವ ನಮ್ಮ ಸಾಫ್ಟ್‌ವೇರ್ ಕುಟುಂಬಗಳಲ್ಲಿ ಕಡತ ನಿಲ್ಲಲು ಇದು ದೊಡ್ಡ ಕಾರಣ. ಒಂದು ಶಾಲೆ ಬಿಡುವ ದಿನವೇ ಅಲ್ಲಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವ ವಿಧಾನ ಕೇಳಿ ಬರೆದಿಟ್ಟುಕೊಳ್ಳಿ. ಒಂಬತ್ತನೇ ತರಗತಿಯನ್ನು ಭಾರತದಲ್ಲಿ ಓದಿ ಬಂದವರಿಗೆ ಇನ್ನೊಂದು ಮಾತು: ಒಂಬತ್ತರಿಂದ ಮುಂದಿನ ಪ್ರತಿ ವರ್ಷದ ಅಂಕಪಟ್ಟಿಯೂ ಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಕಾಪಾಡುತ್ತೇವೆ, ಒಂಬತ್ತರದ್ದನ್ನು ಬೀರುವಿನಲ್ಲಿ ಎಲ್ಲೋ ಕಳೆದುಬಿಡುತ್ತೇವೆ. ಕನ್ನಡದಲ್ಲಿರುವ ದಾಖಲೆಗೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಜೊತೆಗಿರಬೇಕು.

ಸೇವೆಯ ಗುಣಮಟ್ಟದ ಬಗ್ಗೆ ನೇರವಾಗಿ ಹೇಳುವುದಾದರೆ, ಖಾತೆಯೊಳಗಿನ ಕೆಲಸಗಳ ಪಟ್ಟಿ ಸ್ಪಷ್ಟವಾಗಿದೆ. ಏನು ಬಂದಿಲ್ಲ, ಯಾರು ಕಳಿಸಬೇಕು ಎಂದು ತೋರಿಸುತ್ತದೆ. ಉಚಿತವಾಗಿ ಸಿಗುವ ಕೋರ್ ಕೋರ್ಸ್ ವರ್ಕ್‌ಶೀಟ್ ಚೆನ್ನಾಗಿದೆ, ಒಂಬತ್ತನೇ ತರಗತಿಯಿಂದಲೇ ಸೆಮಿಸ್ಟರಿಗೊಮ್ಮೆ ತುಂಬುತ್ತ ಬನ್ನಿ. ನಮ್ಮ ದೂರು ಒಂದೇ, ಆದರೆ ಚಿಕ್ಕದಲ್ಲ: ಶುಲ್ಕ ಕಟ್ಟಿದ ಮಾತ್ರಕ್ಕೆ ಮೌಲ್ಯಮಾಪನ ನಡೆಯುವುದಿಲ್ಲ. ಡಿವಿಷನ್ 1 ಅಥವಾ 2ರ ಯಾವುದಾದರೂ ಕಾಲೇಜು ವಿದ್ಯಾರ್ಥಿಯನ್ನು ತನ್ನ ‘ಇನ್‌ಸ್ಟಿಟ್ಯೂಷನಲ್ ರಿಕ್ವೆಸ್ಟ್ ಲಿಸ್ಟ್’ನಲ್ಲಿ ಸೇರಿಸಬೇಕು, ಆಗಷ್ಟೇ ಕಡತ ಮುಂದೆ ಸಾಗುತ್ತದೆ. ಯಾವ ಕಾಲೇಜೂ ಇನ್ನೂ ಕರೆಯದ ಮಗುವಿಗೆ, ತನ್ನ ಕೋರ್ಸ್‌ಗಳು ಸರಿ ಇವೆಯೇ ಎಂಬ ಉತ್ತರ ಹಣ ಕೊಟ್ಟರೂ ಸಿಗುವುದಿಲ್ಲ. ಉತ್ತರ ಅತ್ಯಗತ್ಯವಾಗಿ ಬೇಕಾದವರು ಅಂಥವರೇ. ಕೋಚ್ ಆಸಕ್ತಿ ತೋರಿಸಿದ್ದರೆ ಸಂಕೋಚ ಬಿಟ್ಟು, ಗುರುತಿನ ಸಂಖ್ಯೆ ಕೊಟ್ಟು, ಪಟ್ಟಿಯಲ್ಲಿ ಸೇರಿಸಿದ್ದೀರಾ ಎಂದು ಕೇಳಿ. ಆರು ಸೆಮಿಸ್ಟರುಗಳ ಟ್ರಾನ್ಸ್‌ಕ್ರಿಪ್ಟ್ ಹೋದ ಮೇಲೆ ಪ್ರಾಥಮಿಕ ಪರಿಶೀಲನೆ ಆದರೆ, ಕೊರತೆ ತುಂಬಿಕೊಳ್ಳಲು ಇನ್ನೂ ಒಂದು ವರ್ಷ ಇರುತ್ತದೆ.

ಎಲ್ಲರಿಗೂ ಈ ಶುಲ್ಕ ಬೇಕಿಲ್ಲ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಓದಿನ ಅರ್ಹತೆಯನ್ನು ಕಾಲೇಜೇ ನಿರ್ಧರಿಸುತ್ತದೆ. ಅಮೆರಿಕದ ವಿದ್ಯಾರ್ಥಿಗೆ ಉಚಿತ ಪ್ರೊಫೈಲ್ ಸಾಕು, ಹೊರದೇಶದವರಿಗೆ ಹವ್ಯಾಸಿ ಪ್ರಮಾಣೀಕರಣ ಬೇಕು. ಎನ್‌ಎಐಎ ಎಂಬ ಇನ್ನೊಂದು ಕ್ರೀಡಾ ಸಂಸ್ಥೆಗೆ ಸೇರಿದ ಕಾಲೇಜುಗಳದು ಬೇರೆಯದೇ ಕೇಂದ್ರ, ಬೇರೆಯದೇ ಶುಲ್ಕ. ಎನ್‌ಸಿಎಎ ಪ್ರಮಾಣಪತ್ರ ಅಲ್ಲಿಗೆ ನಡೆಯುವುದಿಲ್ಲ. ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಐವಿ ಲೀಗ್ ಡಿವಿಷನ್ 1 ಆದ್ದರಿಂದ ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದಿದ್ದರೂ ಈ ಪ್ರಮಾಣೀಕರಣ ತಪ್ಪದು.

ಹನ್ನೆರಡನೇ ತರಗತಿಯ ಕೊನೆಯಲ್ಲಿ ಎರಡು ಕೆಲಸ ಬಾಕಿ ಇರುತ್ತವೆ, ಎರಡೂ ಮರೆತುಹೋಗುವಂಥವು. ಶರತ್ಕಾಲದಲ್ಲಿ ಕಾಲೇಜು ಸೇರುವವರು ಏಪ್ರಿಲ್ 1ರಂದು ಅಥವಾ ಅದರ ನಂತರ, ಚಳಿಗಾಲ ಇಲ್ಲವೇ ವಸಂತದಲ್ಲಿ ಸೇರುವವರು ಅಕ್ಟೋಬರ್ 1ರ ನಂತರ ಖಾತೆಗೆ ಹೋಗಿ, ಹವ್ಯಾಸಿ ಪ್ರಶ್ನೆಗಳ ಉತ್ತರ ಇಂದಿಗೂ ಸರಿ ಇವೆಯೇ ನೋಡಿ, ಅಂತಿಮ ಪ್ರಮಾಣೀಕರಣಕ್ಕೆ ತಾವೇ ಕೋರಿಕೆ ಸಲ್ಲಿಸಬೇಕು. ಆ ಬಟನ್ ಒತ್ತುವವರೆಗೆ ಉಳಿದೆಲ್ಲ ಸರಿ ಇದ್ದರೂ ಕಡತ ಕಾಯುತ್ತಲೇ ಇರುತ್ತದೆ. ಇನ್ನೊಂದು, ಹೈಸ್ಕೂಲು ಮುಗಿಸಿದ ದಿನಾಂಕ ನಮೂದಾಗಿರುವ ಅಂತಿಮ ಟ್ರಾನ್ಸ್‌ಕ್ರಿಪ್ಟ್. ಗ್ರೇಡುಗಳೆಲ್ಲ ಇದ್ದು ದಿನಾಂಕವೊಂದೇ ಇಲ್ಲದಿದ್ದರೆ ಹೈಸ್ಕೂಲು ಮುಗಿದಿದೆ ಎಂಬುದಕ್ಕೆ ಪುರಾವೆ ಇಲ್ಲ. ಕೌನ್ಸೆಲರ್‌ಗಳು ಜೂನ್ ಹೊತ್ತಿಗೆ ರಜೆಯ ಮೇಲೆ ಹೋಗುತ್ತಾರೆ, ಅಮೆರಿಕನ್ ಫುಟ್‌ಬಾಲ್, ಸಾಕರ್ ತಂಡಗಳ ಅಭ್ಯಾಸ ಆಗಸ್ಟ್ ಹೊತ್ತಿಗೇ ಶುರುವಾಗುತ್ತದೆ. ಹೈಸ್ಕೂಲಿನ ಗ್ರಾಜುಯೇಷನ್ ಸಮಾರಂಭದ ವಾರದಲ್ಲೇ ಶಾಲೆಯ ಕಚೇರಿಗೆ ಹೋಗಿ, ದಿನಾಂಕ ಇರುವ ಪ್ರತಿ ಸೆಂಟರ್‌ಗೆ ಹೊರಟಿದೆಯೇ ಎಂದು ಖಚಿತಪಡಿಸಿಕೊಂಡು ಬನ್ನಿ.